ಟೈರು, ದೀಪ, ವೈಪರ್: ಬಿಡಿಭಾಗ ಕೊಳ್ಳುವ ಮುನ್ನ ನೋಡಬೇಕಾದ ಗುರುತುಗಳು

ಪ್ರಶ್ನೆ: ನನ್ನ ಕಾರಿಗೆ ಈಗ ಆರು ವರ್ಷ. ದೊಡ್ಡ ದುರಸ್ತಿಗಳನ್ನು ಗ್ಯಾರೇಜಿಗೇ ಬಿಡುತ್ತೇನೆ. ಆದರೆ ಟೈರು, ದೀಪ, ವೈಪರ್‌ಗಳ ಸಣ್ಣಪುಟ್ಟ ಕೆಲಸವನ್ನು ನಾನೇ ಮಾಡಿಕೊಳ್ಳಬೇಕೆಂದಿದ್ದೇನೆ. ಸದ್ಯಕ್ಕೆ ಮೂರು ತೊಂದರೆಗಳಿವೆ. ಎಡಗಡೆಯ ಹೆಡ್‌ಲೈಟ್ ಬಲಗಡೆಯದಕ್ಕಿಂತ ಮಂಕಾಗಿ ಉರಿಯುತ್ತಿದೆ. ಹೆಚ್ಚು ವ್ಯಾಟಿನ ಬಲ್ಬು ಹಾಕಿದರೆ ಸರಿಹೋಗುತ್ತದೆ ಎಂದು ಪರಿಚಿತರೊಬ್ಬರು ಹೇಳಿದ್ದಾರೆ. ವೈಪರ್‌ಗೆ ಹೊಸ ಬ್ಲೇಡು ಹಾಕಿದ ಮೇಲೂ ಅದು ಗಾಜಿನ ಮೇಲೆ ಕಟಕಟನೆ ಕುಣಿಯುತ್ತದೆ. ಮುಂದಿನ ಎರಡೂ ಟೈರುಗಳ ಒಳ ಅಂಚು, ಹೊರ ಅಂಚು ಎರಡೂ ಸವೆದಿವೆ, ನಡುಭಾಗ ಚೆನ್ನಾಗಿದೆ. ಗಾಳಿಯನ್ನು ಕಣ್ಣಳತೆಯಲ್ಲೇ ನೋಡಿಕೊಳ್ಳುತ್ತೇನೆ. ಇವುಗಳಲ್ಲಿ ಯಾವುದನ್ನು ನಾನೇ ಸರಿಪಡಿಸಬಹುದು, ಯಾವುದಕ್ಕೆ ಕೈಹಾಕಬಾರದು?

ಉತ್ತರ: ಈ ಮೂರು ತೊಂದರೆಗಳ ಕಾರಣವನ್ನೂ ನೀವೇ ಪತ್ತೆಹಚ್ಚಬಹುದು, ಬಹುಮಟ್ಟಿಗೆ ನೀವೇ ಸರಿಪಡಿಸಲೂಬಹುದು. ಒಂದೆರಡು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಹೊಸ ಬಿಡಿಭಾಗವನ್ನು ತರುವ ಮೊದಲು ಹಳೆಯದು ಏಕೆ ಕೆಟ್ಟಿತೆಂದು ತಿಳಿದುಕೊಳ್ಳಬೇಕು. ತಂದ ಭಾಗವು ಅಳತೆಯಲ್ಲಿ, ಶಕ್ತಿಯಲ್ಲಿ, ಬಗೆಯಲ್ಲಿ ಕಾರಿನ ಕೈಪಿಡಿಯಲ್ಲಿ ಹೇಳಿರುವಂತೆಯೇ ಇರಬೇಕು. ಮನೆಯಲ್ಲಿ ಮಾಡುವ ಕೆಲಸ ಹಾಳಾಗುವುದು ಹೆಚ್ಚಾಗಿ ಸ್ಪ್ಯಾನರ್ ಹಿಡಿಯಲು ಬಾರದೆ ಅಲ್ಲ, ಕಾರನ್ನು ಇದ್ದದ್ದಕ್ಕಿಂತ ಉತ್ತಮಗೊಳಿಸಲು ಹೊರಟಾಗ. ನಿಮ್ಮ ಪರಿಚಿತರ ಸಲಹೆಯೂ ಅದೇ ಜಾತಿಯದು. ನೀವು ಕೇಳಿದ ಕ್ರಮವನ್ನು ತಿರುವಿಹಾಕಿ ಟೈರಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಹಗಲಿನಲ್ಲಿ, ಒಣಗಿದ ರಸ್ತೆಯಲ್ಲಿಯೂ ಅಪಾಯ ತರಬಲ್ಲದ್ದು ಈ ಮೂರರಲ್ಲಿ ಅದೊಂದೇ.

ಎರಡೂ ಅಂಚು ಸವೆದು ನಡುಭಾಗ ಉಳಿದಿದ್ದರೆ ಆ ಟೈರು ಬಹುಕಾಲ ಕಡಿಮೆ ಗಾಳಿಯಲ್ಲಿ ಓಡಿದೆ ಎಂದು ಅರ್ಥ. ಗಾಳಿ ಸಾಕಷ್ಟಿಲ್ಲದಾಗ ಟ್ರೆಡ್‌ನ, ಅಂದರೆ ಟೈರಿನ ರಸ್ತೆಗೆ ತಾಗುವ ಮೈಯ, ನಡುಭಾಗ ಸ್ವಲ್ಪ ಒಳಕ್ಕೆ ಸರಿದು, ಕಾರಿನ ಭಾರವೆಲ್ಲ ಎರಡು ಭುಜಗಳ ಮೇಲೆ ಬೀಳುತ್ತದೆ. ಸವೆತಕ್ಕಿಂತ ದೊಡ್ಡ ತೊಂದರೆ ಕಣ್ಣಿಗೆ ಕಾಣದ್ದು: ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲೂ ಇರಬೇಕಾದದ್ದಕ್ಕಿಂತ ಹೆಚ್ಚು ಮಡಚಿಕೊಂಡು ಬಿಚ್ಚಿಕೊಳ್ಳುತ್ತದೆ, ಹಾಗೆ ಮಡಚಿದಷ್ಟೂ ರಬ್ಬರಿನೊಳಗೆ ಶಾಖ ಹುಟ್ಟುತ್ತದೆ, ಮತ್ತು ಹೆದ್ದಾರಿಯ ವೇಗದಲ್ಲಿ, ತುಂಬಿದ ಕಾರಿನಲ್ಲಿ ಆ ಶಾಖ ಒಳಗಿನ ಪದರಗಳನ್ನು ಬಿಡಿಸಿ ಟೈರು ಸಿಡಿಯುವವರೆಗೂ ಹೋಗಬಹುದು. ಇಂಧನವೂ ಹೆಚ್ಚು ಖರ್ಚಾಗುತ್ತದೆ.

ಕಣ್ಣಳತೆಯನ್ನು ನೀವು ಇಂದೇ ಬಿಡಬೇಕು. ಈಗಿನ ಕಾರುಗಳ ರೇಡಿಯಲ್ ಟೈರುಗಳು ಸರಿಯಾದ ಗಾಳಿ ಇದ್ದಾಗಲೂ ನೆಲದ ಹತ್ತಿರ ಸ್ವಲ್ಪ ಉಬ್ಬಿಕೊಂಡೇ ಇರುತ್ತವೆ. 32 ಪಿಎಸ್‌ಐ (ಗಾಳಿಯ ಒತ್ತಡವನ್ನು ಅಳೆಯುವ ಮಾನ) ಇರುವ ಟೈರಿಗೂ 25 ಪಿಎಸ್‌ಐ ಇರುವ ಟೈರಿಗೂ ನೋಟದಲ್ಲಿ ವ್ಯತ್ಯಾಸ ಹೇಳುವುದು ಅನುಭವಿಗಳಿಗೂ ಕಷ್ಟ. ಅಂಗೈಯಗಲದ ಒಂದು ಒತ್ತಡಮಾಪಕವನ್ನು ಕೊಂಡು ಕಾರಿನಲ್ಲಿಯೇ ಇಟ್ಟುಕೊಳ್ಳಿ. ಈ ಇಡೀ ಉತ್ತರದಲ್ಲಿ ನಾನು ಕೊಳ್ಳಲೇಬೇಕೆಂದು ಹೇಳುವ ಉಪಕರಣ ಅದೊಂದೇ.

ಎಷ್ಟು ಗಾಳಿ ಬೇಕೆಂಬುದು ಚಾಲಕನ ಬಾಗಿಲು ತೆರೆದಾಗ ಕಾಣುವ ಕಂಬದ ಮೇಲಿನ ಚೀಟಿಯಲ್ಲಿರುತ್ತದೆ. ಕೆಲವು ಕಾರುಗಳಲ್ಲಿ ಇಂಧನದ ಮುಚ್ಚಳದ ಒಳಬದಿಯಲ್ಲಿರುತ್ತದೆ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ, ಕಡಿಮೆ ಭಾರಕ್ಕೂ ಪೂರ್ಣ ಭಾರಕ್ಕೂ ಬೇರೆ ಬೇರೆ ಅಂಕಿಗಳಿರಬಹುದು. ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚೊತ್ತಿರುವ ಒತ್ತಡದ ಅಂಕಿಯನ್ನು ನೋಡಿ ಗಾಳಿ ತುಂಬುವವರು ಅನೇಕರಿದ್ದಾರೆ. ಅದು ಆ ಟೈರು ತಾಳಬಲ್ಲ ಗರಿಷ್ಠ ಮಿತಿಯೇ ಹೊರತು ನಿಮ್ಮ ಕಾರಿಗೆ ಬೇಕಾದ ಅಳತೆಯಲ್ಲ. ಚೀಟಿಯಲ್ಲಿ ಬಾರ್ ಅಥವಾ ಕಿಲೋಪಾಸ್ಕಲ್‌ನಲ್ಲಿ ಬರೆದಿದ್ದರೆ 2.2 ಬಾರ್, 220 ಕಿಲೋಪಾಸ್ಕಲ್ ಮತ್ತು 32 ಪಿಎಸ್‌ಐ ಮೂರೂ ಹೆಚ್ಚುಕಡಿಮೆ ಒಂದೇ ಎಂಬುದನ್ನು ನೆನಪಿಟ್ಟುಕೊಂಡರೆ ಉಳಿದ ಲೆಕ್ಕ ಸುಲಭ.

ಆ ಅಂಕಿ ತಣ್ಣಗಿರುವ ಟೈರಿಗೆ ಹೇಳಿದ್ದು. ಕಾರು ಮೂರು ಗಂಟೆಯಾದರೂ ನಿಂತಿರಬೇಕು, ಇಲ್ಲವೇ ಒಂದೆರಡು ಕಿಲೋಮೀಟರ್ ಮಾತ್ರ ಮೆಲ್ಲಗೆ ಓಡಿರಬೇಕು. ದೂರ ಓಡಿ ಬಂದ ಟೈರಿನಲ್ಲಿ ಒತ್ತಡ ನಾಲ್ಕೈದು ಪಿಎಸ್‌ಐ ಏರಿರುವುದು ಸಹಜ. ಹೆಚ್ಚಾಯಿತೆಂದು ಆಗ ಗಾಳಿ ಬಿಟ್ಟರೆ ಮರುದಿನ ಬೆಳಗ್ಗೆ ಅದು ಕಡಿಮೆ ಗಾಳಿಯ ಟೈರಾಗಿರುತ್ತದೆ. ಬಿಸಿಯಾಗಿರುವಾಗಲೇ ಚೀಟಿಯ ಅಂಕಿಗಿಂತ ಕಡಿಮೆ ತೋರಿಸಿದರೆ ನಿಜವಾದ ಕೊರತೆ ಇನ್ನೂ ಹೆಚ್ಚು. ಆಗ ಚೀಟಿಯ ಅಂಕಿಗಿಂತ ಮೂರು ನಾಲ್ಕು ಪಿಎಸ್‌ಐ ಮೇಲಕ್ಕೆ ತುಂಬಿ, ತಣಿದ ಮೇಲೆ ಮತ್ತೊಮ್ಮೆ ನೋಡಿ ಸರಿಮಾಡಬೇಕು. ಮಾಪಕವನ್ನು ವಾಲ್ವಿನ ಮೇಲೆ ನೆಟ್ಟಗೆ, ಒಂದೇ ಪಟ್ಟಿಗೆ ಒತ್ತಬೇಕು. ಓರೆಯಾಗಿ ಒತ್ತಿದರೆ ಸುಯ್ಯೆಂದು ಗಾಳಿ ಸೋರುತ್ತಲೇ ಇರುತ್ತದೆ, ತಪ್ಪು ಅಂಕಿಯೂ ಬರುತ್ತದೆ. ತೆಗೆದ ಬಳಿಕ ವಾಲ್ವಿನ ತುದಿಗೆ ಒಂದು ಹನಿ ಸೋಪಿನ ನೀರು ಬಿಟ್ಟು ಗುಳ್ಳೆ ಏಳುತ್ತದೆಯೇ ನೋಡಿ, ಮುಚ್ಚಳ ತಿರುಗಿಸಿಬಿಡಿ.

ತೂತೇನೂ ಇಲ್ಲದ ಒಳ್ಳೆಯ ಟೈರೂ ತಿಂಗಳಿಗೆ ಒಂದು ಪಿಎಸ್‌ಐಯಷ್ಟು ಗಾಳಿಯನ್ನು ತಾನಾಗಿಯೇ ಕಳೆದುಕೊಳ್ಳುತ್ತದೆ. ಹವೆಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು ಒಂದೂವರೆ ಪಿಎಸ್‌ಐ ಅದರಿಂದಲೇ ಇಳಿಯುತ್ತದೆ. ಆದ್ದರಿಂದ ತಿಂಗಳಿಗೊಮ್ಮೆ, ದೂರ ಪ್ರಯಾಣಕ್ಕೆ ಮೊದಲೊಮ್ಮೆ, ಚಳಿ ಆರಂಭವಾದಾಗ ಇನ್ನೊಮ್ಮೆ ನೋಡುವುದು ಅಗತ್ಯ. ಡ್ಯಾಶ್‌ಬೋರ್ಡಿನಲ್ಲಿ ಒತ್ತಡದ ಎಚ್ಚರಿಕೆಯ ದೀಪ ಇದ್ದರೂ ಅದು ಮಾಪಕಕ್ಕೆ ಬದಲಿಯಲ್ಲ. ಅನೇಕ ಕಾರುಗಳಲ್ಲಿ ಗಾಳಿ ಕಾಲುಭಾಗದಷ್ಟು ಇಳಿದ ಮೇಲಷ್ಟೇ ಅದು ಹೊತ್ತಿಕೊಳ್ಳುತ್ತದೆ. ಸ್ಟೆಪ್ನಿಯನ್ನೂ ಮರೆಯಬೇಡಿ. ಅದು ಸಣ್ಣ ಗಾತ್ರದ ತಾತ್ಕಾಲಿಕ ಚಕ್ರವಾಗಿದ್ದರೆ ಸಾಮಾನ್ಯವಾಗಿ 60 ಪಿಎಸ್‌ಐ ಬೇಕಾಗುತ್ತದೆ, ವೇಗದ ಮಿತಿ 80 ಕಿಲೋಮೀಟರ್ ಎಂದು ಅದರ ಮೇಲೆಯೇ ಬರೆದಿರುತ್ತದೆ.

ಬೇರೆ ಸವೆತಗಳನ್ನೂ ಗುರುತಿಸಲು ಕಲಿತುಕೊಳ್ಳಿ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿದೆ. ಒಂದೇ ಅಂಚು, ಒಳಗಿನದೋ ಹೊರಗಿನದೋ, ಸವೆದಿದ್ದರೆ ಚಕ್ರಗಳ ಅಲೈನ್‌ಮೆಂಟ್, ಅಂದರೆ ಅವು ನಿಲ್ಲಬೇಕಾದ ಕೋನ, ತಪ್ಪಿದೆ. ಅಲ್ಲಲ್ಲಿ ತಗ್ಗುದಿಣ್ಣೆಯಾಗಿದ್ದರೆ ಬ್ಯಾಲೆನ್ಸಿಂಗ್ ಅಥವಾ ಶಾಕ್ ಅಬ್ಸಾರ್ಬರ್ ಕಡೆಗೆ ಗಮನ ಹರಿಸಬೇಕು. ಕಣ್ಣಿಗೆ ಕಾಣದ ಸವೆತವನ್ನು ಅಂಗೈ ಹೇಳುತ್ತದೆ: ಟ್ರೆಡ್‌ಗೆ ಅಡ್ಡಲಾಗಿ, ಹೊರಗಿನಿಂದ ಒಳಕ್ಕೆ ಒಮ್ಮೆ, ಒಳಗಿನಿಂದ ಹೊರಕ್ಕೆ ಒಮ್ಮೆ ಕೈಯಾಡಿಸಿ. ಒಂದು ಕಡೆಗೆ ನುಣುಪಾಗಿ ಜಾರಿ, ಮರಳುವಾಗ ಪ್ರತಿ ರಬ್ಬರ್ ಗಟ್ಟಿಯ ಅಂಚೂ ಗರಗಸದ ಹಲ್ಲಿನ ಹಾಗೆ ಬೆರಳಿಗೆ ತಾಗಿದರೆ, ಮುಂದಿನ ಚಕ್ರಗಳು ನೇರಕ್ಕೆ ನಿಲ್ಲದೆ ಸ್ವಲ್ಪ ಒಳಕ್ಕೋ ಹೊರಕ್ಕೋ ತಿರುಗಿಕೊಂಡು ಓಡುತ್ತಿವೆ. ಕೈಯಾಡಿಸುವ ಮೊದಲು ಮೊಳೆ, ತಂತಿಯ ಚೂರು ಸಿಕ್ಕಿಕೊಂಡಿಲ್ಲವೆಂದು ನೋಡಿಕೊಳ್ಳಿ. ಅಲೈನ್‌ಮೆಂಟ್ ಮನೆಯಲ್ಲಿ ಮಾಡುವ ಕೆಲಸವಲ್ಲ. ಆದರೆ ಅದು ಬೇಕಾಗಿದೆಯೋ ಇಲ್ಲವೋ ಎಂಬುದನ್ನು ನೀವೇ ತಿಳಿದು ಹೋದರೆ ಅಂಗಡಿಯವನ ಮಾತಿಗೆ ಸುಮ್ಮನೆ ತಲೆಯಾಡಿಸಬೇಕಾಗಿಲ್ಲ.

ನಿಮ್ಮ ಟೈರುಗಳು ಇನ್ನೂ ಬಳಸಲು ಯೋಗ್ಯವೇ ಎಂಬುದು ಸವೆದ ಅಂಚಿನಲ್ಲಿ ಉಳಿದಿರುವ ಆಳದಿಂದ ತೀರ್ಮಾನವಾಗಬೇಕು, ಚೆನ್ನಾಗಿರುವ ನಡುಭಾಗದಿಂದಲ್ಲ. ಟ್ರೆಡ್‌ನ ತೋಡುಗಳ ತಳದಲ್ಲಿ ಅಲ್ಲಲ್ಲಿ ಅಡ್ಡವಾದ ಸಣ್ಣ ದಿಬ್ಬಗಳಿರುತ್ತವೆ. ಅವು ಎಲ್ಲಿವೆಯೆಂದು ಪಕ್ಕದ ಗೋಡೆಯ ಮೇಲ್ತುದಿಯಲ್ಲಿ ಪುಟ್ಟ ತ್ರಿಕೋನವೋ ಅಕ್ಷರಗಳೋ ತೋರಿಸುತ್ತವೆ. ದಿಬ್ಬದ ಎತ್ತರ 1.6 ಮಿಲಿಮೀಟರ್. ಸುತ್ತಲಿನ ರಬ್ಬರು ಆ ಮಟ್ಟಕ್ಕೆ ಇಳಿದಿದ್ದರೆ ಟೈರು ಮುಗಿಯಿತು. ಹೊಸ ಟೈರಿನಲ್ಲಿ ತೋಡಿನ ಆಳ 8 ಮಿಲಿಮೀಟರ್‌ನ ಆಸುಪಾಸು ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಮಳೆಯಲ್ಲಿ ಓಡಿಸುವವರು 3 ಮಿಲಿಮೀಟರ್‌ಗೆ ಬಂದಾಗಲೇ ಹೊಸದರ ಯೋಚನೆ ಮಾಡಬೇಕು, ಏಕೆಂದರೆ ತೋಡು ಇರುವುದೇ ಟೈರಿನಡಿಯ ನೀರನ್ನು ಪಕ್ಕಕ್ಕೆ ತಳ್ಳಲು. ತಳ್ಳಲಾಗದಷ್ಟು ನೀರು ಉಳಿದರೆ ಚಕ್ರ ನೆಲ ಬಿಟ್ಟು ನೀರಿನ ಮೇಲೆ ತೇಲತೊಡಗುತ್ತದೆ, ಆಗ ಸ್ಟೇರಿಂಗೂ ಬ್ರೇಕೂ ಕೆಲಸಕ್ಕೆ ಬರುವುದಿಲ್ಲ.

ವಯಸ್ಸನ್ನೂ ನೋಡಿ. ಗೋಡೆಯ ಮೇಲೆ ಡಿಒಟಿ ಎಂಬ ಅಕ್ಷರಗಳಿಂದ ಆರಂಭವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರವನ್ನೂ ವರ್ಷವನ್ನೂ ಹೇಳುತ್ತವೆ. 2321 ಎಂದಿದ್ದರೆ ಅದು 2021ರ 23ನೆಯ ವಾರದ್ದು. ಆರು ವರ್ಷಕ್ಕೇ ಬದಲಿಸಿ ಎನ್ನುವ ಕಾರು ತಯಾರಕರಿದ್ದಾರೆ. ಹತ್ತು ವರ್ಷ ದಾಟಿದ ಟೈರು ಎಷ್ಟೇ ಚೆನ್ನಾಗಿ ಕಂಡರೂ ಬಳಸಬಾರದು. ನಿಮ್ಮ ಕಾರಿಗೆ ಆರು ವರ್ಷವೆಂದರೆ ಮೊದಲಿನಿಂದ ಬಂದ ಟೈರುಗಳೇ ಆಗಿದ್ದಲ್ಲಿ ಗೋಡೆಯಲ್ಲಿ ಕೂದಲೆಳೆಯ ಬಿರುಕುಗಳನ್ನು ಹುಡುಕಿ. ಬದಲಿಸುವಾಗ 185/65 ಆರ್15 88ಎಚ್ ಎಂಬಂತಹ ಗುರುತನ್ನು ಪೂರ್ತಿಯಾಗಿ ಬರೆದುಕೊಂಡು ಹೋಗಬೇಕು: ಅಗಲ 185 ಮಿಲಿಮೀಟರ್, ಗೋಡೆಯ ಎತ್ತರ ಅದರ ಶೇಕಡಾ 65, ರೇಡಿಯಲ್ ರಚನೆ, ರಿಮ್ಮು 15 ಇಂಚು, ಒಂದು ಟೈರು ಹೊರಬಲ್ಲ ಭಾರ 560 ಕಿಲೋ, ವೇಗದ ಮಿತಿ ಗಂಟೆಗೆ 210 ಕಿಲೋಮೀಟರ್. ಎರಡನ್ನೇ ಬದಲಿಸುವುದಾದರೆ ಹೊಸವನ್ನು ಹಿಂದಕ್ಕೆ ಹಾಕಿಸಿ, ಮುಂದಿನ ಚಕ್ರಗಳೇ ಎಳೆಯುವ ಕಾರಾದರೂ ಸರಿಯೇ. ಒದ್ದೆ ತಿರುವಿನಲ್ಲಿ ಹಿಂಭಾಗ ಜಾರಿದರೆ ಸಾಮಾನ್ಯ ಚಾಲಕನಿಗೆ ಕಾರನ್ನು ಹಿಡಿದು ನಿಲ್ಲಿಸಲಾಗುವುದಿಲ್ಲ. ಆಳ ಇನ್ನೂ ಸಾಕಷ್ಟಿದ್ದರೆ ಗಾಳಿ ಸರಿಪಡಿಸಿಕೊಂಡು ಅವನ್ನೇ ಮುಂದುವರಿಸಬಹುದು. ಹತ್ತು ಸಾವಿರ ಕಿಲೋಮೀಟರ್‌ಗೊಮ್ಮೆ ಮುಂದಿನವನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿದರೆ ಸವೆತ ಹಂಚಿಹೋಗುತ್ತದೆ. ಗೋಡೆಯ ಮೇಲೆ ಬಾಣದ ಗುರುತಿದ್ದರೆ ಅಂಥವನ್ನು ಎಡದಿಂದ ಬಲಕ್ಕೆ ಬದಲಿಸುವಂತಿಲ್ಲ.

ಚಕ್ರ ಬಿಚ್ಚುವುದಾದರೆ ಗಟ್ಟಿಯಾದ, ಸಮತಟ್ಟಾದ ನೆಲ ಬೇಕು. ಹ್ಯಾಂಡ್ ಬ್ರೇಕ್ ಎಳೆದು, ಗೇರಿನಲ್ಲಿ ನಿಲ್ಲಿಸಿ, ಎತ್ತಲಿರುವ ಚಕ್ರಕ್ಕೆ ಕರ್ಣರೇಖೆಯಲ್ಲಿರುವ ಚಕ್ರಕ್ಕೆ ಎರಡೂ ಬದಿಯಿಂದ ಕಲ್ಲು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೇ ಜಾಕಿ ಹಚ್ಚಿ ಎತ್ತಿ. ಜಾಕಿಯೊಂದರ ಮೇಲೆಯೇ ನಿಂತಿರುವ ಕಾರಿನಡಿಗೆ ತಲೆಯಿರಲಿ, ಕೈಯನ್ನೂ ಹಾಕಬಾರದು. ಮರಳಿ ಹಾಕುವಾಗ ನಟ್ಟುಗಳನ್ನು ಬೆರಳಿನಿಂದಲೇ ಮೊದಲ ಕೆಲವು ಸುತ್ತು ತಿರುಗಿಸಬೇಕು, ಪಕ್ಕಪಕ್ಕದವನ್ನಲ್ಲದೆ ಎದುರುಬದುರಿನವನ್ನು ಸರದಿಯಂತೆ ಬಿಗಿಯುತ್ತ ಬರಬೇಕು, ಕಾರು ಇಳಿಸಿದ ಮೇಲೆ ಕೊನೆಯ ಬಿಗಿತ ಕೊಡಬೇಕು. ಸ್ಪ್ಯಾನರಿನ ಮೇಲೆ ನಿಂತು ತುಳಿಯುವ ರೂಢಿ ಒಳ್ಳೆಯದಲ್ಲ. ಅದರಿಂದ ಬೋಲ್ಟು ಹಿಗ್ಗುತ್ತದೆ, ಬ್ರೇಕ್ ಡಿಸ್ಕ್ ಸೊಟ್ಟಗಾಗುವುದೂ ಉಂಟು. ಬೋಲ್ಟಿನ ಎಳೆಗಳಿಗೆ ಎಣ್ಣೆಯನ್ನೂ ಹಚ್ಚಬಾರದು. ಐವತ್ತರಿಂದ ನೂರು ಕಿಲೋಮೀಟರ್ ಓಡಿದ ಮೇಲೆ ಬಿಗಿತವನ್ನು ಮತ್ತೊಮ್ಮೆ ನೋಡಿ. ಪಂಕ್ಚರಿನ ಬಗ್ಗೆ ಒಂದೇ ಮಾತು: ಟ್ರೆಡ್‌ನ ನಡುವಿನ ಸಣ್ಣ ತೂತನ್ನು ತಿಳಿದವರಿಂದ ಮುಚ್ಚಿಸಬಹುದು, ಗೋಡೆಯಲ್ಲಿ ಆದ ತೂತಿಗೆ, ಕೊಯ್ತಕ್ಕೆ, ಉಬ್ಬಿಗೆ ದುರಸ್ತಿಯೇ ಇಲ್ಲ.

ಇನ್ನು ಮಂಕಾದ ಹೆಡ್‌ಲೈಟ್. ಇದರ ಪರೀಕ್ಷೆ ಬಹಳ ಸರಳ, ಕಾಸಿನ ಖರ್ಚೂ ಇಲ್ಲ: ಎಡ ಬಲ ಬಲ್ಬುಗಳನ್ನು ಅದಲುಬದಲು ಮಾಡಿ. ಮಂಕುತನ ಬಲ್ಬಿನ ಜೊತೆಯಲ್ಲೇ ಬಲಗಡೆಗೆ ಹೋದರೆ ಬಲ್ಬು ಹಳತಾಗಿದೆ, ಒಳಗೋಡೆ ಕಪ್ಪಾಗಿರುವುದೂ ಕಾಣಬಹುದು. ಆಗ ಎರಡನ್ನೂ ಒಟ್ಟಿಗೆ ಬದಲಿಸಿ, ಏಕೆಂದರೆ ಜೊತೆಯಲ್ಲಿ ಹಾಕಿದ ಬಲ್ಬುಗಳು ಹೆಚ್ಚುಕಡಿಮೆ ಜೊತೆಯಲ್ಲೇ ಹೋಗುತ್ತವೆ. ಮಂಕುತನ ಎಡಗಡೆಯಲ್ಲೇ ಉಳಿದರೆ ತಪ್ಪು ಬಲ್ಬಿನದಲ್ಲ. ಕನೆಕ್ಟರ್, ಅರ್ತ್ ತಂತಿ, ಒಳಗಿನ ಪ್ರತಿಫಲಕ ಅಥವಾ ಹೊರಗಿನ ಲೆನ್ಸು, ಇವುಗಳಲ್ಲಿ ಒಂದರದು.

ಬಹಳಷ್ಟು ಹ್ಯಾಲೊಜನ್ ಹೆಡ್‌ಲೈಟುಗಳಲ್ಲಿ ಇರುವುದು ಎಚ್4 ಅಥವಾ ಎಚ್7 ಬಲ್ಬು. ಎಚ್4ರಲ್ಲಿ ಎರಡು ಫಿಲಮೆಂಟುಗಳಿವೆ, ಹೈಬೀಮಿಗೆ 60 ವ್ಯಾಟು, ಲೋಬೀಮಿಗೆ 55. ಎಚ್7ರಲ್ಲಿ 55 ವ್ಯಾಟಿನ ಒಂದೇ. ದೀಪವನ್ನೂ ಇಂಜಿನ್ನನ್ನೂ ಆರಿಸಿ, ತಣಿಯಲು ಬಿಟ್ಟು, ಬಾನೆಟ್ ತೆರೆಯಿರಿ. ಎಚ್4ರಲ್ಲಾದರೆ ಹಿಂದಿನ ಮೂರು ಪಿನ್ನಿನ ಕನೆಕ್ಟರನ್ನು ತಂತಿ ಹಿಡಿದೆಳೆಯದೆ ಅದರ ಪ್ಲಾಸ್ಟಿಕ್ಕನ್ನೇ ಹಿಡಿದು, ಸ್ವಲ್ಪ ಎಡಬಲಕ್ಕೆ ಅಲುಗಾಡಿಸುತ್ತ ನೇರವಾಗಿ ಹಿಂದಕ್ಕೆ ಎಳೆಯಬೇಕು. ಅನಂತರ ರಬ್ಬರಿನ ಟೊಪ್ಪಿಗೆ ಬಿಚ್ಚಿದರೆ ಬಲ್ಬನ್ನು ಒತ್ತಿ ಹಿಡಿದಿರುವ ತಂತಿಯ ಕ್ಲಿಪ್ಪು ಕಾಣುತ್ತದೆ. ಅದನ್ನು ಒಳಕ್ಕೆ ಅದುಮಿ ಪಕ್ಕಕ್ಕೆ ಸರಿಸಿದರೆ ಕೊಂಡಿ ಬಿಟ್ಟು ಬಲ್ಬು ಕೈಗೆ ಬರುತ್ತದೆ. ಬಲ್ಬಿನ ಬುಡದಲ್ಲಿ ಮೂರು ಕಿವಿಗಳಿದ್ದು ಒಂದೇ ರೀತಿಯಲ್ಲಿ ಕೂರುತ್ತವೆ. ಕೂರದಿದ್ದರೆ ಒತ್ತಾಯ ಮಾಡದೆ ತಿರುಗಿಸಿ ನೋಡಿ, ಸೊಟ್ಟಗೆ ಕೂತ ಬಲ್ಬು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಗಾಜಿನ ಭಾಗವನ್ನು ಬೆರಳಿನಿಂದ ಮುಟ್ಟಲೇಬಾರದು. ನೂರಾರು ಡಿಗ್ರಿ ಕಾಯುವ ಆ ಸ್ಫಟಿಕಗಾಜಿಗೆ ಚರ್ಮದ ಜಿಡ್ಡು ಅಂಟಿದರೆ ಆ ಜಾಗ ಹೆಚ್ಚು ಕಾದು ಬಲ್ಬು ಬೇಗ ಹೋಗುತ್ತದೆ. ಮುಟ್ಟಿಬಿಟ್ಟರೆ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಒಣಗಿಸಿ.

ಬಲ್ಬು ಹೊರಗಿರುವಾಗಲೇ ಕನೆಕ್ಟರಿನ ಒಳಗನ್ನು ಬೆಳಕಿನಲ್ಲಿ ನೋಡಿ. ಹಸಿರು ಅಥವಾ ಬಿಳಿ ಪುಡಿ ಕೂತಿದ್ದರೆ ತುಕ್ಕು. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಸೊರಗಿದ್ದರೆ ಅಲ್ಲಿ ಬಿಗಿ ತಪ್ಪಿ ಶಾಖ ಹುಟ್ಟಿದೆ. ಮೊದಲನೆಯದನ್ನು ವಿದ್ಯುತ್ ಸಂಪರ್ಕಗಳಿಗೆಂದೇ ಸಿಗುವ ಕ್ಲೀನರಿನಿಂದ ಶುಚಿಮಾಡಬಹುದು, ಎರಡನೆಯದಕ್ಕೆ ಹೊಸ ಕನೆಕ್ಟರೇ ಬೇಕು. ಅರ್ತ್ ತಂತಿ ಕಾರಿನ ಲೋಹದ ಮೈಗೆ ಸೇರುವ ಬೋಲ್ಟಿನಲ್ಲಿ ತುಕ್ಕಿದ್ದರೆ ಬ್ಯಾಟರಿಯ ತಂತಿ ಕಳಚಿ, ಬೋಲ್ಟನ್ನು ಬಿಚ್ಚಿ, ಹೊಳೆಯುವವರೆಗೆ ಉಜ್ಜಿ ಮತ್ತೆ ಬಿಗಿಯಿರಿ. ಇಷ್ಟು ಸಣ್ಣ ತುಕ್ಕಿನಿಂದ ಏನಾದೀತು ಎನ್ನಿಸಬಹುದು. ಹ್ಯಾಲೊಜನ್ ಬಲ್ಬಿಗೆ ತಲುಪುವ ವೋಲ್ಟೇಜು ಶೇಕಡಾ 10ರಷ್ಟು ಕುಸಿದರೆ ಬೆಳಕು ಸುಮಾರು ಶೇಕಡಾ 30ರಷ್ಟು ಕುಸಿಯುತ್ತದೆ; ನಿಮ್ಮ ಎಡಗಡೆಯ ದೀಪಕ್ಕೆ ಆಗಿರುವುದು ಇದೇ ಇರಬಹುದೆಂದು ನನ್ನ ಊಹೆ.

ಹಾಗಿದ್ದಲ್ಲಿ ಹೆಚ್ಚು ವ್ಯಾಟಿನ ಬಲ್ಬು ಹಾಕುವುದು ರೋಗವನ್ನು ಬೆಳೆಸಿದಂತೆ. 12 ವೋಲ್ಟಿನಲ್ಲಿ 60 ವ್ಯಾಟಿನ ಬಲ್ಬು 5 ಆಂಪಿಯರ್ ಎಳೆದರೆ 100 ವ್ಯಾಟಿನದು 8.3 ಆಂಪಿಯರ್ ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ತಿನ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ ಅದು ಸುಮಾರು ಎರಡೂಮುಕ್ಕಾಲು ಪಟ್ಟಾಗುತ್ತದೆ. ಈಗಾಗಲೇ ತುಕ್ಕು ಹಿಡಿದ ಕನೆಕ್ಟರು ಕರಗಲು ಅಷ್ಟು ಸಾಕು; ಪ್ಲಾಸ್ಟಿಕ್ ಪ್ರತಿಫಲಕವೂ ಸುಟ್ಟು ಮಬ್ಬಾಗುತ್ತದೆ. ಹ್ಯಾಲೊಜನ್‌ಗೆಂದು ರಚಿಸಿದ ದೀಪದೊಳಗೆ ಎಲ್‌ಇಡಿ ಬಲ್ಬು ಸಿಕ್ಕಿಸುವುದಕ್ಕೂ ನನ್ನ ಒಪ್ಪಿಗೆಯಿಲ್ಲ. ಆ ಪ್ರತಿಫಲಕದ ವಕ್ರತೆ ನಿರ್ದಿಷ್ಟ ಜಾಗದಲ್ಲಿರುವ ಕೂದಲಿನಂತಹ ಫಿಲಮೆಂಟಿಗೆ ಲೆಕ್ಕಹಾಕಿದ್ದು. ಬೆಳಕಿನ ಮೂಲದ ಆಕಾರ ಬದಲಾದರೆ ಹತ್ತಿರದ ರಸ್ತೆ ಬೆಳ್ಳಗೆ ಹೊಳೆದು ದೂರದ ರಸ್ತೆ ಕತ್ತಲಾಗುತ್ತದೆ, ಎದುರಿನವರಿಗೆ ಕಣ್ಣು ಕುಕ್ಕುತ್ತದೆ. ಅನೇಕ ದೇಶಗಳಲ್ಲಿ ಅದು ಕಾನೂನಿಗೂ ವಿರುದ್ಧ.

ಬಲ್ಬು ಬಿಚ್ಚುವ ಮೊದಲೇ ಕಾರನ್ನು ಗೋಡೆಗೆ 5 ಮೀಟರ್ ದೂರದಲ್ಲಿ ನೇರವಾಗಿ ನಿಲ್ಲಿಸಿ, ಲೋಬೀಮಿನ ಮೇಲಂಚು ಬೀಳುವ ಗೆರೆಗೆ ಟೇಪು ಅಂಟಿಸಿಕೊಂಡಿದ್ದರೆ ಹೊಸದು ಸರಿಯಾಗಿ ಕೂತಿದೆಯೇ ಎಂದು ಹೋಲಿಸಿ ನೋಡಬಹುದು. ಆ ದೂರದಲ್ಲಿ ಗೆರೆ ದೀಪದ ನಡುವಿನ ಎತ್ತರಕ್ಕಿಂತ ಸುಮಾರು 5 ಸೆಂಟಿಮೀಟರ್ ಕೆಳಗಿರುವುದು ಸಾಮಾನ್ಯ ಅಳತೆ. ಡ್ಯಾಶ್‌ಬೋರ್ಡಿನಲ್ಲಿ ದೀಪದ ಎತ್ತರ ಹೊಂದಿಸುವ ಚಕ್ರವಿದ್ದರೆ ಅದನ್ನು ಸೊನ್ನೆಯಲ್ಲಿಡಲು ಮರೆಯಬೇಡಿ.

ಕನೆಕ್ಟರೂ ಬಲ್ಬೂ ಚೆನ್ನಾಗಿದ್ದು ಲೆನ್ಸು ಹಳದಿಯಾಗಿ ಮಬ್ಬುಗಟ್ಟಿದ್ದರೆ ದೋಷ ಅದರದು. ಪಾಲಿಕಾರ್ಬೊನೇಟಿನ ಮೇಲಿರುವ ರಕ್ಷಣೆಯ ಲೇಪ ಬಿಸಿಲಿಗೆ ಸವೆದು ಹೀಗಾಗುತ್ತದೆ. ಸುತ್ತಲಿನ ಬಣ್ಣಕ್ಕೆ ಟೇಪು ಹಚ್ಚಿ, ನೀರು ಹಾಕುತ್ತ 800, 1500, 2000, 3000 ಹೀಗೆ ನಯವಾಗುತ್ತ ಹೋಗುವ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಪಾಲಿಶ್ ಮಾಡಿ, ಕೊನೆಗೆ ನೇರಳಾತೀತ ಕಿರಣ ತಡೆಯುವ ಲೇಪವನ್ನು ಕೊಡಬೇಕು. ಈ ಕೊನೆಯ ಹಂತವನ್ನು ಬಿಟ್ಟವರ ಲೆನ್ಸು ಕೆಲವೇ ತಿಂಗಳಲ್ಲಿ ಮತ್ತೆ ಮಬ್ಬಾಗುತ್ತದೆ. ಟೂತ್‌ಪೇಸ್ಟಿನ ಉಪಾಯವೂ ಅಷ್ಟೇ: ಹೊಳಪು ಬರುತ್ತದೆ, ನಿಲ್ಲುವುದಿಲ್ಲ.

ಹಿಂದಿನ ದೀಪಗಳನ್ನು ಬೇಗ ಮುಗಿಸುತ್ತೇನೆ. ಇಂಡಿಕೇಟರ್ ಒಂದು ಬದಿಗೆ ಅವಸರವಾಗಿ ಮಿಟುಕಿದರೆ ಆ ಬದಿಯ ಬಲ್ಬೊಂದು ಹೋಗಿದೆ. ಬ್ರೇಕ್ ಒತ್ತಿದಾಗ ಇಂಡಿಕೇಟರೂ ಮಂದವಾಗಿ ಹೊತ್ತಿಕೊಂಡರೆ ಅಥವಾ ದೀಪಗಳು ಒಂದಕ್ಕೊಂದು ಬೆರೆತಂತೆ ಉರಿದರೆ ಆ ಹೋಲ್ಡರಿನ ಅರ್ತ್ ಕೆಟ್ಟಿರುವ ಸಂಭವವೇ ಹೆಚ್ಚು. ಟೇಲ್ ಮತ್ತು ಬ್ರೇಕ್ ಎರಡಕ್ಕೂ ಸೇರಿ ಒಂದೇ ಬಲ್ಬು ಇರುವಲ್ಲಿ ಅದು 21 ಮತ್ತು 5 ವ್ಯಾಟಿನ ಎರಡು ಫಿಲಮೆಂಟಿನದು. ಅದರ ಬುಡದ ಎರಡು ಗುಬುಟುಗಳು ಬೇರೆ ಬೇರೆ ಎತ್ತರದಲ್ಲಿರುವುದು ತಿರುಗುಮುರುಗಾಗಿ ಕೂರದಿರಲೆಂದೇ. ಹಲವು ದೀಪಗಳು ಒಟ್ಟಿಗೆ ಹೋದರೆ ಫ್ಯೂಸು ನೋಡಿ: ಕೆಂಪು 10, ನೀಲಿ 15, ಹಳದಿ 20 ಆಂಪಿಯರ್. ಹೋದದ್ದರ ಬಣ್ಣದ್ದನ್ನೇ ಹಾಕಬೇಕು, ಮತ್ತೆ ಹೋದರೆ ಇನ್ನೂ ದೊಡ್ಡದನ್ನು ಹಾಕದೆ ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು. ನಿಮ್ಮ ಕಾರಿನಲ್ಲಿ ಕ್ಸೆನಾನ್ ದೀಪಗಳಿದ್ದರೆ ಮೇಲೆ ಹೇಳಿದ್ದೆಲ್ಲ ಅವಕ್ಕೆ ಅನ್ವಯಿಸದು. ಹೊತ್ತಿಕೊಳ್ಳುವ ಕ್ಷಣದಲ್ಲಿ ಅವುಗಳಲ್ಲಿ 20,000 ವೋಲ್ಟಿನಷ್ಟು ಇರಬಹುದಾದ್ದರಿಂದ ಕೈಹಾಕಲೇಬೇಡಿ. ಕಾರ್ಖಾನೆಯಿಂದಲೇ ಬಂದ ಎಲ್‌ಇಡಿ ಹೆಡ್‌ಲೈಟ್ ಸಾಮಾನ್ಯವಾಗಿ ಬಿಚ್ಚಲಾಗದ ಇಡೀ ಘಟಕ.

ವೈಪರ್ ಕುಣಿಯುವುದಕ್ಕೆ ಹೊಸ ಬ್ಲೇಡು ಮದ್ದಾಗದಿದ್ದರೆ ಕಾರಣ ಗಾಜಿನಲ್ಲಿದೆ ಅಥವಾ ತೋಳಿನಲ್ಲಿದೆ. ಗಾಜನ್ನು ಒದ್ದೆ ಮಾಡಿ ವೈಪರನ್ನು ನಿಧಾನವಾಗಿ ಓಡಿಸಿ ಗಮನಿಸಿ. ಹೋಗುವಾಗಲೂ ಬರುವಾಗಲೂ ಕುಣಿದರೆ ಗಾಜಿನ ಮೇಲೆ ಜಿಡ್ಡು ಅಂಟಿದೆ: ತೊಳೆಯುವಾಗ ಬಿದ್ದ ಮೇಣ, ಹೊಗೆಯ ಎಣ್ಣೆಯಂಶ, ಸಿಲಿಕೋನ್ ಇರುವ ಪಾಲಿಶ್. ಶುಚಿಯಾದ ಗಾಜಿನ ಮೇಲೆ ನೀರು ಸಮನಾದ ಹಾಳೆಯಾಗಿ ಇಳಿಯುತ್ತದೆ, ಜಿಡ್ಡಿದ್ದಲ್ಲಿ ಹನಿಗಟ್ಟುತ್ತದೆ. ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಸ್ಪಿರಿಟ್ ಅಥವಾ ಗಾಜಿಗೆಂದೇ ಇರುವ ಪಾಲಿಶ್‌ನಿಂದ ಹನಿಗಟ್ಟುವುದು ನಿಲ್ಲುವವರೆಗೆ ಉಜ್ಜಿ. ರಬ್ಬರಿನ ಅಂಚನ್ನೂ ಒದ್ದೆ ಬಟ್ಟೆಯಿಂದ ಒಮ್ಮೆ ಎಳೆದು ಒರೆಸಿ. ಹಳೆಯ ಬ್ಲೇಡೂ ಹೀಗೇ ಕುಣಿಯುತ್ತಿತ್ತಾದರೆ ನಿಮ್ಮ ತೊಂದರೆ ಇಲ್ಲಿಗೆ ತೀರಬೇಕು.

ಒಂದೇ ದಿಕ್ಕಿನಲ್ಲಿ ಕುಣಿದರೆ ತೋಳು ತಿರುಚಿಕೊಂಡಿದೆ. ರಬ್ಬರಿನ ತೆಳು ನಾಲಗೆ ಪ್ರತಿ ತಿರುವಿನಲ್ಲೂ ಇನ್ನೊಂದು ಬದಿಗೆ ಮಗುಚಿಕೊಂಡು ನೀರನ್ನು ಎಳೆದುಕೊಂಡು ಹೋಗುವಂತೆ ಅದನ್ನು ಮಾಡಿರುತ್ತಾರೆ. ತೋಳು ಓರೆಯಾಗಿದ್ದರೆ ಒಂದು ದಿಕ್ಕಿನಲ್ಲಿ ಅದು ಮಗುಚಿಕೊಳ್ಳದೆ ಗಾಜಿಗೆ ಚುಚ್ಚಿ ನಿಂತು ಹಾರುತ್ತದೆ. ವೈಪರ್ ಗಾಜಿನ ನಡುವೆ ಬಂದಾಗ ಇಗ್ನಿಷನ್ ಆರಿಸಿದರೆ ಅನೇಕ ಕಾರುಗಳಲ್ಲಿ ಅಲ್ಲೇ ನಿಲ್ಲುತ್ತದೆ. ಆಗ ತುದಿಯ ಕಡೆಯಿಂದ ನೋಡಿ, ಬ್ಲೇಡು ಗಾಜಿಗೆ ನೆಟ್ಟಗೆ ನಿಂತಿರಬೇಕು. ತೋಳನ್ನು ನೇರಮಾಡುವುದು ಕೂದಲೆಳೆಯಷ್ಟು ತಿರುಚುವ ಕೆಲಸ; ಅಭ್ಯಾಸವಿಲ್ಲದಿದ್ದರೆ ಅದನ್ನು ಗ್ಯಾರೇಜಿಗೇ ಬಿಡಿ. ಅಲ್ಲಲ್ಲಿ ಒರೆಸದೆ ಬಿಟ್ಟರೆ ತೋಳಿನ ಸ್ಪ್ರಿಂಗು ಸೋತಿದೆ, ಅಥವಾ ಬ್ಲೇಡಿನ ಚೌಕಟ್ಟು ಬಾಗಿದೆ. ಸಣ್ಣ ಗೆರೆಗಳಷ್ಟೇ ಉಳಿದರೆ ರಬ್ಬರಿನಲ್ಲಿ ಮರಳಿನ ಕಣ ಸಿಕ್ಕಿದೆ ಅಥವಾ ಅಂಚು ಹರಿದಿದೆ.

ಬ್ಲೇಡು ಬದಲಿಸುವಾಗ ಚಾಲಕನ ಬದಿಯದೂ ಇನ್ನೊಂದು ಬದಿಯದೂ ಉದ್ದದಲ್ಲಿ ಬೇರೆಯಿರುತ್ತವೆ ಎಂಬುದನ್ನು ನೋಡಿಕೊಳ್ಳಿ. ಒಂದಿಂಚು ಉದ್ದದ್ದು ಹಾಕಿದರೆ ಎರಡೂ ಒಂದಕ್ಕೊಂದು ಬಡಿಯಬಹುದು. ಕೊಕ್ಕೆಯ ಬಗೆಯದಾದರೆ ತೋಳನ್ನು ಎತ್ತಿ, ಬ್ಲೇಡನ್ನು ಅಡ್ಡಕ್ಕೆ ತಿರುಗಿಸಿ, ನಡುವಿನ ಸಣ್ಣ ನಾಲಗೆಯನ್ನು ಒತ್ತಿಕೊಂಡು ತೋಳಿನ ಬುಡದ ಕಡೆಗೆ ಎಳೆದರೆ ಕೊಕ್ಕೆಯಿಂದ ಬಿಡುತ್ತದೆ. ಬ್ಲೇಡು ಕೈಗೆ ಬಂದ ಕೂಡಲೇ ಗಾಜಿನ ಮೇಲೆ ದಪ್ಪ ಟವಲನ್ನು ಮಡಚಿ ಹಾಸಿರಬೇಕು. ಬರಿಯ ಲೋಹದ ತೋಳು ಕೈತಪ್ಪಿ ಸ್ಪ್ರಿಂಗಿನ ಸೆಳೆತಕ್ಕೆ ಬಡಿದರೆ ಗಾಜು ಒಡೆಯುತ್ತದೆ, ಬ್ಲೇಡಿನ ಕೆಲಸ ಇಡೀ ಗಾಜಿನ ಕೆಲಸವಾಗುತ್ತದೆ. ವೈಪರ್‌ಗಳು ಬಾನೆಟ್ಟಿನ ಅಂಚಿನಡಿ ಅಡಗಿ ಕೂರುವ ಕಾರುಗಳಲ್ಲಿ ತೋಳನ್ನು ಹಾಗೆಯೇ ಎತ್ತಲು ಹೋದರೆ ಬಾನೆಟ್ಟಿನ ಬಣ್ಣ ಕಿತ್ತುಬರುತ್ತದೆ. ಅವನ್ನು ಮೇಲಕ್ಕೆ ತಂದು ನಿಲ್ಲಿಸುವ ವಿಧಾನವನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ.

ರಬ್ಬರಿನ ಆಯುಸ್ಸು ಆರು ತಿಂಗಳಿಂದ ಒಂದು ವರ್ಷ. ಅದನ್ನು ತಿನ್ನುವುದು ಮಳೆಗಿಂತ ಬಿಸಿಲು. ಒಣಗಿದ, ಧೂಳು ಕೂತ ಗಾಜಿನ ಮೇಲೆ ವೈಪರ್ ಓಡಿಸಿದರೆ ರಬ್ಬರೂ ಗಾಜೂ ಎರಡೂ ಗೀಚಿಹೋಗುತ್ತವೆ, ಆದ್ದರಿಂದ ವಾಷರಿನ ತೊಟ್ಟಿಯಲ್ಲಿ ಯಾವಾಗಲೂ ದ್ರವ ಇರಲಿ. ನೀರು ಹೆಪ್ಪುಗಟ್ಟುವ ಚಳಿಯಿರುವಲ್ಲಿ ಅದಕ್ಕೆಂದೇ ಇರುವ ವಾಷರ್ ದ್ರವವೇ ಬೇಕು, ಬರಿಯ ನೀರು ಗಟ್ಟಿಯಾಗಿ ಕೊಳವೆಯನ್ನು ಒಡೆಯುತ್ತದೆ. ಪಾತ್ರೆ ತೊಳೆಯುವ ಸೋಪು ನೊರೆಗಟ್ಟಿ ಗಾಜಿನ ಮೇಲೆ ಪೊರೆ ಬಿಡುತ್ತದೆ, ಅದನ್ನು ತೊಟ್ಟಿಗೆ ಹಾಕಬೇಡಿ. ಚಿಲುಮೆ ಚಿಮ್ಮದಿದ್ದರೆ ಅದರ ರಂಧ್ರವನ್ನು ತೆಳ್ಳನೆಯ ಸೂಜಿಯಿಂದ ಬಿಡಿಸಿ. ತುಂಬುವ ಮೊದಲು ಮುಚ್ಚಳದ ಮೇಲೆ ಗಾಜು ಮತ್ತು ನೀರಿನ ಚಿಲುಮೆಯ ಚಿತ್ರವಿದೆಯೇ ಎಂದು ನೋಡಿ. ಕೂಲಂಟ್ ತೊಟ್ಟಿಯೂ ಅಲ್ಲಿಯೇ ಹತ್ತಿರದಲ್ಲಿರುತ್ತದೆ, ನೋಟಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಇಂಜಿನ್ ಬಿಸಿಯಿರುವಾಗ ಅದರ ಮುಚ್ಚಳ ತಿರುಗಿಸಿದರೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೆ ಹಾರುತ್ತದೆ. ವಾಷರ್ ದ್ರವವನ್ನು ತಪ್ಪಿ ಅದಕ್ಕೆ ಸುರಿದುಬಿಟ್ಟಿದ್ದರೆ ಇಂಜಿನ್ ಹೊತ್ತಿಸದೆ ಕೂಲಂಟನ್ನು ಪೂರ್ತಿ ಬದಲಿಸಿಕೊಡುವಂತೆ ಗ್ಯಾರೇಜಿನವರನ್ನು ಕಾರಿರುವಲ್ಲಿಗೇ ಕರೆಸಿಕೊಳ್ಳಿ.